ಹೊರಗೆ ಒಂದೇ ವಿಳಾಸ, ಒಳಗೆ ಹನ್ನೊಂದು

ದೂರವಾಣಿ ತಂತಿಗಳ ಕಾಲದಿಂದ ಮನೆಮನೆಯ ಅಂತರ್ಜಾಲದ ಕಾಲದವರೆಗೆ ನಮ್ಮ ಸಂಪರ್ಕ ಕಚೇರಿ ನಡೆದುಬಂದ ದಾರಿಯಲ್ಲಿ ಹೆಸರು ಮಾಡಿದ ಎಂಜಿನಿಯರುಗಳು ಅನೇಕರಿದ್ದಾರೆ. ಎತ್ತರದ ಗೋಪುರಗಳನ್ನು ನಿಲ್ಲಿಸಿದವರು, ನದಿಯ ತಳದಲ್ಲಿ ಕೇಬಲ್ ಎಳೆದವರು, ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಿದವರು, ಎಲ್ಲರೂ ಗೌರವಕ್ಕೆ ಪಾತ್ರರು. ಆದರೆ ಆ ಕೇಬಲ್ಲಿನ ಕೊನೆಯಲ್ಲಿ ಒಂದು ಮನೆಯಿದೆ, ಆ ಮನೆಯೊಳಗೆ ಒಬ್ಬರಿಗಿಂತ ಹೆಚ್ಚು ಜನರಿದ್ದಾರೆ ಎಂಬ ಸರಳ ಸಂಗತಿಯನ್ನು ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ತಾವೂ ಮರೆಯದೆ, ಇತರರಿಗೂ ಮರೆಯಗೊಡದೆ ಕೆಲಸ ಮಾಡಿದವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ವಿಳಾಸ ವಿಭಾಗದ ಮುಖ್ಯಸ್ಥೆ. ಕಡತಗಳಲ್ಲಿ ಅವರಿಗೆ ಹೆಸರು, ಹುದ್ದೆ, ಸಿಬ್ಬಂದಿ ಸಂಖ್ಯೆ ಎಲ್ಲವೂ ಉಂಟು. ಬಾಗಿಲು ಕಾಯುವವರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ‘ವಿಳಾಸದಕ್ಕ’.

ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿ ಅಕ್ಕನ ಬಗ್ಗೆ ಬರೆಯುವ ಹೊಣೆಯನ್ನು ಹನ್ನೆರಡು ವರ್ಷ ಅವರ ಪಕ್ಕದ ಮೇಜಿನಲ್ಲಿ ಕುಳಿತ ಕಿರಿಯ ಸಹೋದ್ಯೋಗಿಗೆ ಒಪ್ಪಿಸಿತು. ಆಕೆ ಒಂದಿಷ್ಟು ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡು, ತಾರೀಖುಗಳನ್ನು ಕೇಳಿ ಸರಿಪಡಿಸಿಕೊಳ್ಳಲು ಅಕ್ಕನ ಬಳಿ ಹೋದಾಗ ಅವರು ಹಾಳೆಗಳನ್ನು ಓದಿ ಮೇಜಿನ ಮೇಲಿಟ್ಟರು.

“ಹೊಗಳೋದಕ್ಕೆ ಬೇರೆಯವರು ಇದ್ದಾರಮ್ಮ. ನೀನು ಬರೆಯೋದಾದ್ರೆ ಆ ಶುಕ್ರವಾರದ ವಿಷಯ ಬರೀಬೇಕು. ನಮ್ಮಪ್ಪನ ವಿಷಯ. ಬಿಡೋ ಹಾಗಿಲ್ಲ.”

“ಅಕ್ಕಾ, ಅಭಿನಂದನ ಗ್ರಂಥದಲ್ಲಾ?” ಎಂದಳು ಆಕೆ.

“ಇನ್ನೆಲ್ಲಿ? ಅಪ್ಪ ಹೋಗೋ ಮುಂಚೆ ತಾವೇ ಹೇಳಿಹೋಗಿದ್ದಾರೆ, ನಿನ್ನ ಕೆಲಸದ ಬಗ್ಗೆ ಯಾರಾದ್ರೂ ಬರೆದರೆ ನನ್ನನ್ನ ಮುಚ್ಚಿಡಬೇಡ ಅಂತ. ಅದರಲ್ಲಿ ನೊಂದ ಗ್ರಂಥಪಾಲಕಿಯವರನ್ನೂ ಕೇಳಿದ್ದೀನಿ. ಅವರೂ ಒಪ್ಪಿದ್ದಾರೆ.”

ಆದ್ದರಿಂದ ಈ ಲೇಖನ ಹೀಗಿದೆ. ಓದುಗರು ಮನ್ನಿಸಬೇಕು.

ಅಕ್ಕ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತಾರು ವರ್ಷ. ಮೊದಲ ಕುರ್ಚಿ ದೂರವಾಣಿ ವಿನಿಮಯ ಕೇಂದ್ರದ ದೂರು ಸ್ವೀಕರಿಸುವ ಮೇಜಿನದು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಗಡಿಯಾರದ ಮುಳ್ಳಿನಂತೆ ಟಕಟಕ ಎನ್ನುವ ಸ್ವಿಚ್ಚುಗಳು, ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ಸಂಜೆಯವರೆಗೆ ಕಿವಿಗೆ ಬಿಡುವಿಲ್ಲದ ಬೈಗುಳ. ಎದುರಿನವರು ಎಷ್ಟೇ ಕೂಗಾಡಲಿ, ಅವರ ಮಾತು ಮುಗಿಯುವವರೆಗೆ ಕಾದು, “ಈಗ ಮೊದಲಿಂದ ನಿಧಾನಕ್ಕೆ ಹೇಳಿ, ಬರ್ಕೊಳ್ತೀನಿ” ಎನ್ನುವ ಅಭ್ಯಾಸ ಅಲ್ಲಿಯೇ ಅವರಿಗೆ ಅಂಟಿಕೊಂಡಿತು. ಅಂತರ್ಜಾಲ ಬಂದು, ಹಳೆಯ ಸ್ವಿಚ್ಚುಗಳು ಗುಜರಿಗೆ ಹೋಗಿ, ಯಾವ ಗ್ರಾಹಕರಿಗೆ ಜಾಲದಲ್ಲಿ ಗುರುತಿನ ಅಂಕೆಯಾಗಿ ಯಾವ ಐಪಿ ವಿಳಾಸ ಕೊಟ್ಟಿದ್ದೇವೆ ಎಂಬುದನ್ನು ನೋಡಿಕೊಳ್ಳುವ ಹೊಸ ವಿಭಾಗ ತೆರೆದಾಗ, ಅದಕ್ಕೆ ಯಾರೂ ಮುಂದೆ ಬರಲಿಲ್ಲ. ಅಂಕೆಗಳ ಪಟ್ಟಿ ಕಾಯುವುದು ಯಾರಿಗೆ ಬೇಕು? ಅಕ್ಕ ಕೈಯೆತ್ತಿದರು.

ತರಬೇತಿಗೆ ಬರುವವರಿಗೆ ಅವರು ಪಾಠ ಮಾಡುತ್ತಿದ್ದ ರೀತಿ ನಮ್ಮ ಕಚೇರಿಯಲ್ಲಿ ಇಂದಿಗೂ ಮಾತಾಗಿ ಉಳಿದಿದೆ. ಸಾರ್ವಜನಿಕ ವಿಳಾಸವೆಂದರೇನು, ಖಾಸಗಿ ವಿಳಾಸವೆಂದರೇನು ಎಂದು ಪುಸ್ತಕಗಳು ಹತ್ತು ಪುಟ ಹೇಳುವುದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದರು.

“ಮನೆಯೊಳಗೆ ನಿಂತು ‘ಚಿಕ್ಕಪ್ಪಾ’ ಅಂತ ಕೂಗಿ. ಒಬ್ಬರು ತಿರುಗಿ ನೋಡ್ತಾರೆ. ಬೀದಿಗೆ ಬಂದು ಕೂಗಿ. ಹತ್ತು ಮನೆಯ ಚಿಕ್ಕಪ್ಪಂದಿರು ಹೊರಗೆ ಬರ್ತಾರೆ, ಇಲ್ಲ ಒಬ್ಬರೂ ಬರಲ್ಲ. ಖಾಸಗಿ ವಿಳಾಸ ಅಂದ್ರೆ ಅದು. ಮನೆಯೊಳಗೆ ಮಾತ್ರ ನಡೆಯೋ ಕರೆ. ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು ಅಂತ ಶುರುವಾಗೋ ಅಂಕೆ ನಿಮ್ಮ ಮನೇಲೂ ಇರತ್ತೆ, ನನ್ನ ಮನೇಲೂ ಇರತ್ತೆ. ಹೊರಗಿನ ಜಗತ್ತಿಗೆ ಕಾಣೋದು ಬೀದಿ ಬಾಗಿಲಿನ ಸಂಖ್ಯೆ ಒಂದೇ. ಅದು ನಾವು ಕೊಡೋ ಸಾರ್ವಜನಿಕ ವಿಳಾಸ. ಒಳಗೆ ಎಷ್ಟು ಜನ ಇದ್ರೂ ಹೊರಗೆ ಹೋಗೋವಾಗ ಎಲ್ಲರೂ ಆ ಒಂದೇ ಬಾಗಿಲಲ್ಲಿ ಹೋಗಬೇಕು. ಬಂದ ಉತ್ತರ ಯಾರ ಕೋಣೆಗೆ ಅಂತ ನೆನಪಿಟ್ಟುಕೊಂಡು ಹಂಚೋದು ರೌಟರ್ ಕೆಲಸ.”

ತರಬೇತಿಗೆ ಬಂದವರು ನಗುತ್ತಿದ್ದರು. ನಕ್ಕವರು ಆಮೇಲೆ ಮರೆಯುತ್ತಿರಲಿಲ್ಲ.

ಒಮ್ಮೆ ಆಸ್ಪತ್ರೆಯ ದಾದಿಯೊಬ್ಬರು ಕಚೇರಿಗೆ ಬಂದರು. ಹಾಸಿಗೆ ಹಿಡಿದ ತಾಯಿಯನ್ನು ಕೆಲಸದ ನಡುವೆಯೂ ನೋಡುತ್ತಿರಲೆಂದು ಮನೆಯಲ್ಲಿ ಕ್ಯಾಮೆರಾ ಹಾಕಿಸಿದ್ದರು. ಹಾಕಿದವನು ಒಂದು ವಿಳಾಸ ಬರೆದುಕೊಟ್ಟು ಹೋಗಿದ್ದ. ಮನೆಯಲ್ಲಿ ಕುಳಿತು ನೋಡಿದರೆ ಚಿತ್ರ ಕಾಣುತ್ತದೆ, ಆಸ್ಪತ್ರೆಗೆ ಬಂದರೆ ಇಲ್ಲ. “ಅಮ್ಮನ್ನ ನೋಡೋಣ ಅಂತ ಒತ್ತಿದ್ರೆ ಪ್ರಿಂಟರ್ ಬರತ್ತೆ ಮೇಡಂ. ಕಾಗದ ಖಾಲಿಯಾಗಿದೆ, ತುಂಬಿಸಿ ಅನ್ನತ್ತೆ” ಎಂದು ಹೇಳುವಾಗ ಆ ದಾದಿಗೆ ನಗುವೂ ಅಳುವೂ ಒಟ್ಟಿಗೆ ಬಂದಿತ್ತು. ಕ್ಯಾಮೆರಾ ಹಾಕಿದವನು ಕೊಟ್ಟದ್ದು ಮನೆಯ ಖಾಸಗಿ ವಿಳಾಸ; ಆಸ್ಪತ್ರೆಯೊಳಗೆ ಅದೇ ಅಂಕೆ ಅಲ್ಲಿನ ಪ್ರಿಂಟರಿನದು. ಅಕ್ಕ ಆ ಭಾನುವಾರ ಸ್ವಂತ ಬಿಡುವಿನಲ್ಲಿ ದಾದಿಯ ಮನೆಗೆ ಹೋಗಿ, ಹೊರಗಿನಿಂದ ಭದ್ರವಾಗಿ ಒಳಬರುವ ದಾರಿಯೊಂದನ್ನು ರೌಟರಿನಲ್ಲಿ ಮಾಡಿಕೊಟ್ಟು, ಆ ತಾಯಿಯ ಹಾಸಿಗೆಯ ಬದಿಯಲ್ಲಿ ಒಂದು ಗಂಟೆ ಮಾತಾಡುತ್ತ ಕುಳಿತು ಬಂದರು. ಇಂಥ ಭಾನುವಾರಗಳ ಲೆಕ್ಕ ಅವರೂ ಇಟ್ಟಿಲ್ಲ, ಕಚೇರಿಯೂ ಇಟ್ಟಿಲ್ಲ.

ಈಗ ಆ ಶುಕ್ರವಾರ.

ಒಂಬತ್ತು ವರ್ಷಗಳ ಹಿಂದಿನ ಮಾತು. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಮೇಜಿಗೆ ಮರಳುತ್ತಿದ್ದ ಹೊತ್ತು. ತನಿಖಾಧಿಕಾರಿಗಳ ಕಚೇರಿಯಿಂದ ಒಂದು ಪತ್ರ ಬಂತು. ಅಂಥ ಪತ್ರಗಳು ತಿಂಗಳಿಗೆ ಹತ್ತಾರು ಬರುತ್ತಿದ್ದವು. ಇಂಥ ದಿನ, ಇಂಥ ಗಂಟೆ, ಇಂಥ ನಿಮಿಷಕ್ಕೆ ಈ ಸಾರ್ವಜನಿಕ ವಿಳಾಸ ಯಾವ ಗ್ರಾಹಕರ ಬಳಿ ಇತ್ತು, ತಿಳಿಸಿ ಎಂದು ಅದರ ಒಕ್ಕಣೆ. ಈ ಪತ್ರದ ಹಿಂದಿದ್ದ ಸಂಗತಿಯನ್ನು ಊರೆಲ್ಲ ಪತ್ರಿಕೆಯಲ್ಲಿ ಓದಿತ್ತು. ಸಾರ್ವಜನಿಕ ಗ್ರಂಥಾಲಯದ ಜಾಲತಾಣದಲ್ಲಿ ಓದುಗರು ಅಭಿಪ್ರಾಯ ಬರೆಯುವ ಒಂದು ಪುಟವಿತ್ತು. ‘ಹಳೆಯ ಓದುಗ’ ಎಂಬ ಹೆಸರಿನಲ್ಲಿ ಯಾರೋ ಒಂದೇ ವಾರದಲ್ಲಿ ಮೂರು ಬಾರಿ ಬರೆದಿದ್ದರು: ಮುಖ್ಯ ಗ್ರಂಥಪಾಲಕಿ ಅಪರೂಪದ ಪುಸ್ತಕಗಳನ್ನು ಹಿಂಬಾಗಿಲಿನಿಂದ ಮಾರುತ್ತಿದ್ದಾರೆ, ಕಪಾಟುಗಳು ಬರಿದಾಗಿವೆ, ಆಕೆ ಕಳ್ಳಿ. ಮಾತು ಊರಿಗೆ ಹಬ್ಬಿತು. ವಿಚಾರಣೆ ಮುಗಿಯುವವರೆಗೆ ಆ ಗ್ರಂಥಪಾಲಕಿಯನ್ನು ಮನೆಯಲ್ಲಿರಲು ಹೇಳಿದ್ದರು. ಒಂದು ಪುಸ್ತಕವೂ ಕಳೆದಿಲ್ಲವೆಂದು ಎಣಿಕೆಯಲ್ಲಿ ಗೊತ್ತಾದ ಮೇಲೆ ಆಕೆ ಬರೆದವರ ಮೇಲೆ ದೂರು ಕೊಟ್ಟಿದ್ದರು.

ಅಕ್ಕ ಅಂಕೆಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದುತ್ತ ಟೈಪ್ ಮಾಡಿದರು. ಅದು ಅವರ ಪದ್ಧತಿ, ತಪ್ಪಾಗಬಾರದೆಂದು. ತಾರೀಖು ಹಾಕಿದರು. ಗುಂಡಿ ಒತ್ತಿದರು.

ಪಕ್ಕದ ಮೇಜಿನ ಕಿರಿಯಳಿಗೆ ಮೊದಲು ಗೊತ್ತಾದದ್ದು ಸದ್ದಿಲ್ಲದಿದ್ದುದು. ಕೀಲಿಮಣೆಯ ಸದ್ದು ನಿಂತಿತ್ತು, ಕುರ್ಚಿಯ ಕಿರುಗುಟ್ಟುವಿಕೆ ನಿಂತಿತ್ತು. ತಿರುಗಿ ನೋಡಿದರೆ ಅಕ್ಕ ಗರಬಡಿದವರಂತೆ ಪರದೆಯನ್ನೇ ನೋಡುತ್ತಿದ್ದರು. ಕೈ ಇನ್ನೂ ಗುಂಡಿಯ ಮೇಲೇ ಇತ್ತು. ಆಕೆ ಎದ್ದು ಹೋಗಿ ಅವರ ಭುಜದ ಹಿಂದಿನಿಂದ ನೋಡಿದಳು. ಪರದೆಯ ಮೇಲೆ ಗ್ರಾಹಕರ ಹೆಸರು, ಮನೆ ಸಂಖ್ಯೆ, ಬೀದಿ. ಹೆಸರು ಅಕ್ಕನದು. ಮನೆ ಅಕ್ಕನದು.

“ತಪ್ಪಾಗಿ ಒತ್ತಿದ್ರೇನೋ ಅಕ್ಕಾ” ಎಂದಳು ಆಕೆ. ಅಂಥ ತಪ್ಪನ್ನು ಅಕ್ಕ ಮಾಡಿದ್ದನ್ನು ಆಕೆ ಎಂದೂ ಕಂಡಿರಲಿಲ್ಲ.

ಅಕ್ಕ ಎಲ್ಲ ಅಳಿಸಿ ಮತ್ತೆ ಟೈಪ್ ಮಾಡಿದರು. ಅದೇ ಹೆಸರು. ಎರಡನೆಯ ತಾರೀಖು ಹಾಕಿದರು. ಅದೇ. ಮೂರನೆಯದು. ಅದೇ. ಮೂರೂ ದಿನ ಬೆಳಗ್ಗೆ ಹನ್ನೊಂದರಿಂದ ಹನ್ನೆರಡರ ನಡುವೆ.

ನೀರು ಕುಡಿದು, ಮುದ್ರಿಸಿದ ಹಾಳೆ ಹಿಡಿದು ಅವರು ಮೇಲಧಿಕಾರಿಯ ಕೋಣೆಗೆ ನಡೆದರು. ಕಿರಿಯಳನ್ನೂ ಜೊತೆಗೆ ಕರೆದರು. “ಸರ್, ಇದು ನನ್ನ ಮನೆ. ಇದಕ್ಕೆ ಉತ್ತರ ನಾನು ಬರೆಯಬಾರದು. ಇವಳು ಬರೀಲಿ, ನೀವು ಸಹಿ ಮಾಡಿ.”

ಮೇಲಧಿಕಾರಿ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. ಕೆಟ್ಟವರಲ್ಲ ಅವರು, ಅಕ್ಕನನ್ನು ಕಂಡರೆ ಅಭಿಮಾನವುಳ್ಳವರೇ. ದನಿ ತಗ್ಗಿಸಿ ಹೇಳಿದರು: “ನೋಡಮ್ಮ, ಹಳೇ ದಾಖಲೆ ತೊಂಬತ್ತು ದಿನಕ್ಕೆ ತಾನಾಗೇ ಅಳಿಸಿಹೋಗತ್ತೆ. ಇದಕ್ಕೆ ಇನ್ನು ಹದಿನಾಲ್ಕೇ ದಿನ. ಪತ್ರಕ್ಕೆ ಉತ್ತರ ಕೊಡೋದು ಎರಡು ವಾರ ತಡವಾದ್ರೆ ಯಾರೂ ಏನೂ ಅನ್ನಲ್ಲ. ಎಷ್ಟೋ ಸಲ ತಡವಾಗಿದೆ.”

“ನನ್ನ ಕೈಯಿಂದ ಯಾವತ್ತೂ ತಡವಾಗಿಲ್ಲ ಸರ್.”

“ಯೋಚನೆ ಮಾಡಿ. ನಿಮ್ಮ ಬಡ್ತಿ ಕಡತ ನನ್ನ ಮೇಜಿನ ಮೇಲೇ ಇದೆ.”

“ಮಾಡಿದ್ದೀನಿ” ಎಂದರು ಅಕ್ಕ. ಉತ್ತರ ಆ ಸಂಜೆಯೇ ಹೋಯಿತು. ಅಕ್ಕ ಕೇಳಿಕೊಂಡದ್ದು ಇಷ್ಟೇ, ಹೆಸರಿನ ಕೆಳಗೆ ಒಂದು ಸಾಲು ಸೇರಿಸಬೇಕೆಂದು: ‘ಈ ವಿಳಾಸವು ಸದರಿ ಮನೆಯ ಸಂಪರ್ಕದ್ದು, ಇದರಿಂದ ಮನೆ ತಿಳಿಯುತ್ತದೆ, ಬರೆದವರು ಯಾರೆಂದು ತಿಳಿಯುವುದಿಲ್ಲ.’

ಮನೆಗೆ ಹೋಗುವ ಬಸ್ಸಿನಲ್ಲಿ ಅವರು ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದರಂತೆ. ನಡೆದು ಹಿಂದೆ ಬರುವಾಗ ಮನೆಯವರನ್ನು ಒಬ್ಬೊಬ್ಬರನ್ನಾಗಿ ನೆನೆದರು. ಔಷಧಿ ಅಂಗಡಿ ನಡೆಸುವ ಗಂಡ. ಆ ಹೊತ್ತಿಗೆ ಅಂಗಡಿಯಲ್ಲಿರುತ್ತಾರೆ. ಕಾಲೇಜಿಗೆ ಹೋಗುವ ಮಗಳು. ಆ ಹೊತ್ತಿಗೆ ತರಗತಿಯಲ್ಲಿರುತ್ತಾಳೆ. ಅಮ್ಮ ತೀರಿಕೊಂಡ ಮೇಲೆ ಬಂದು ಜೊತೆಯಲ್ಲಿರುವ ಅಪ್ಪ, ಎಪ್ಪತ್ತೇಳು ವರ್ಷ, ದಿನಪತ್ರಿಕೆಯನ್ನು ಮಡಿಕೆ ಕೆಡದಂತೆ ಓದುವ ಮನುಷ್ಯ. ಮಹಡಿಯ ಮೇಲೆ ಬಾಡಿಗೆಗಿದ್ದ, ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಕೆಲಸದ ಮಧ್ಯವಯಸ್ಸಿನವರು. ಅವರ ಪಾಳಿ ಶುರುವಾಗುವುದು ಮಧ್ಯಾಹ್ನದ ಮೇಲೆ. ಬೆಳಗ್ಗೆ ಹನ್ನೊಂದಕ್ಕೆ ಮನೆಯಲ್ಲಿರುತ್ತಾರೆ. ವೈಫೈ ಪಾಸ್‌ವರ್ಡನ್ನು ಅವರಿಗೆ ಅಕ್ಕನೇ ಕೊಟ್ಟಿದ್ದರು.

ವಿಷಯ ಕೇಳಿ ಗಂಡ ತಟ್ಟೆ ಮುಂದಿಟ್ಟುಕೊಂಡವರು ಹಾಗೇ ಎದ್ದುಬಿಟ್ಟರು. “ಇನ್ಯಾರು? ಮೇಲಿನವನೇ! ಮಾತಿಲ್ಲ ಕತೆಯಿಲ್ಲ, ಬರ್ತಾನೆ ಹೋಗ್ತಾನೆ. ನಮ್ಮ ಮನೇಲಿ ಇಂಥ ಕೆಲಸ ಮಾಡೋರು ಯಾರಿದ್ದಾರೆ?”

“ನೋಡ್ದೆ ಹೇಳ್ಬೇಡಿ.”

“ನೋಡೋದೇನು ಬಂತು? ನಿನ್ನ ಹೆಸರಿಗೆ ಮಸಿ ಬಳಿದಿದ್ದಾನೆ!”

ಅವರು ಮೆಟ್ಟಿಲೇರಿ ಹೋದದ್ದು, ಮೇಲೆ ಜೋರು ಮಾತು ಕೇಳಿದ್ದು, ಆಮೇಲೆ ಏನೂ ಕೇಳದಾದದ್ದು, ಎಲ್ಲವೂ ಐದು ನಿಮಿಷದಲ್ಲಿ ಮುಗಿಯಿತು. ಅಕ್ಕ ಮೇಲೆ ಹೋಗುವ ಹೊತ್ತಿಗೆ ಆ ಬಾಡಿಗೆಯವರು ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದರು.

“ನಾಳೆ ಖಾಲಿ ಮಾಡ್ತೀನಿ ಮೇಡಂ. ನಾನು ಮಾಡಿಲ್ಲ. ಆದ್ರೆ ಒಮ್ಮೆ ಅಂದ ಮೇಲೆ ಇಲ್ಲಿರೋದು ಹೇಗೆ?”

ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಅಕ್ಕ ಹೇಳಿಕೊಂಡು ಬಂದದ್ದು, ಮನೆ ಗೊತ್ತಾದ ಮಾತ್ರಕ್ಕೆ ಮನುಷ್ಯ ಗೊತ್ತಾಗುವುದಿಲ್ಲ ಎಂಬುದು, ಅವರದೇ ಮನೆಯ ಮಹಡಿಯ ಮೇಲೆ ಐದು ನಿಮಿಷ ನಿಲ್ಲಲಿಲ್ಲ. “ನಾಳೆ ಸಂಜೆವರೆಗೆ ಇರಿ. ನನಗೋಸ್ಕರ” ಎಂದು ಕೈ ಮುಗಿದು ಕೆಳಗಿಳಿದರು.

ತರಬೇತಿಯವರಿಗೆ ತೋರಿಸಲೆಂದು ಅಕ್ಕ ತಮ್ಮ ಮನೆಯ ರೌಟರನ್ನು ಉಳಿದವರ ಮನೆಯ ರೌಟರಿನಂತೆ ಬಿಟ್ಟಿರಲಿಲ್ಲ. ಒಳಗಿನ ಪ್ರತಿ ಉಪಕರಣಕ್ಕೂ ಬದಲಾಗದ ಖಾಸಗಿ ವಿಳಾಸ ಕೊಟ್ಟಿದ್ದರು. ಯಾವ ವಿಳಾಸ ಯಾವಾಗ ಹೊರಗಿನ ಯಾವ ತಾಣಕ್ಕೆ ಹೋಯಿತು ಎಂಬುದು ರೌಟರಿಗೇ ಸಿಕ್ಕಿಸಿದ ಒಂದು ಡಿಸ್ಕಿನಲ್ಲಿ ವರ್ಷಗಟ್ಟಲೆ ದಾಖಲಾಗುತ್ತಿತ್ತು. ಮನೆಯವರಿಗೆಲ್ಲ ಅದು ಗೊತ್ತಿತ್ತು, ಗೊತ್ತಿದ್ದೂ ಮರೆತಿದ್ದರು. ಶನಿವಾರ ಬೆಳಗ್ಗೆ ಅಕ್ಕ ಮೊದಲು ಒಂದು ಕಾಗದದಲ್ಲಿ ಪಟ್ಟಿ ಬರೆದರು. ತಮ್ಮ ಫೋನು, ಕಚೇರಿಯ ಲ್ಯಾಪ್‌ಟಾಪು, ಗಂಡನ ಫೋನು, ಮಗಳ ಫೋನು, ಮಗಳ ಲ್ಯಾಪ್‌ಟಾಪು, ಅಪ್ಪನ ಟ್ಯಾಬ್ಲೆಟ್ಟು, ಟಿವಿ, ಪ್ರಿಂಟರು, ಬಾಗಿಲ ಬಳಿಯ ಕ್ಯಾಮೆರಾ, ಮೇಲಿನವರ ಫೋನು, ಮೇಲಿನವರ ಕಂಪ್ಯೂಟರು. ಹೊರಗೆ ಕಾಣುವ ಒಂದು ವಿಳಾಸದ ಹಿಂದೆ ಹನ್ನೊಂದು.

ಮೇಲಿನವರ ಎರಡು ವಿಳಾಸಗಳ ಕೊನೆಯ ಅಂಕೆಗಳು ಐವತ್ತು ಮತ್ತು ಐವತ್ತೊಂದು. ಆ ಮೂರೂ ದಿನ ಆ ಹೊತ್ತಿಗೆ ಐವತ್ತು ಹವಾಮಾನದ ಪುಟ ನೋಡಿತ್ತು. ಐವತ್ತೊಂದು ಮುಚ್ಚಿತ್ತು. ಗ್ರಂಥಾಲಯದ ತಾಣಕ್ಕೆ ಮೂರು ದಿನವೂ, ಪತ್ರದಲ್ಲಿದ್ದ ಅದೇ ನಿಮಿಷಕ್ಕೆ ಹೋಗಿದ್ದದ್ದು ಹದಿನಾಲ್ಕರಲ್ಲಿ ಕೊನೆಯಾಗುವ ವಿಳಾಸ.

ಹದಿನಾಲ್ಕು ಅಪ್ಪನ ಟ್ಯಾಬ್ಲೆಟ್ಟು. ಅಪ್ಪನ ಹುಟ್ಟುಹಬ್ಬಕ್ಕೆ ಅಕ್ಕನೇ ತಂದುಕೊಟ್ಟದ್ದು, ಅಕ್ಷರ ದೊಡ್ಡದು ಮಾಡಿ, ಕನ್ನಡ ಟೈಪ್ ಮಾಡುವುದನ್ನು ಪಕ್ಕದಲ್ಲಿ ಕೂತು ಕಲಿಸಿಕೊಟ್ಟದ್ದು.

ಗಂಡ ಬಾಗಿಲಲ್ಲಿ ನಿಂತು ಪರದೆ ನೋಡಿ, “ಮಾವನಾ? ಸಾಧ್ಯವೇ ಇಲ್ಲ” ಎಂದು ಗೋಡೆಗೆ ಒರಗಿದರು.

“ಇದರಿಂದ ಟ್ಯಾಬ್ಲೆಟ್ಟು ಅಂತ ಮಾತ್ರ ಗೊತ್ತಾಗತ್ತೆ” ಎಂದರು ಅಕ್ಕ, ತಮಗೆ ತಾವೇ ಪಾಠ ಹೇಳಿಕೊಳ್ಳುವವರ ಹಾಗೆ. “ಕೈ ಯಾರದು ಅಂತ ಗೊತ್ತಾಗಲ್ಲ. ಅದನ್ನ ಕೇಳೇ ತಿಳ್ಕೊಬೇಕು.”

ಅಪ್ಪ ಹಿತ್ತಲ ಬಾಗಿಲ ಹತ್ತಿರ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಅದೇ ಸಾರ್ವಜನಿಕ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಸಹಾಯಕ ಗ್ರಂಥಪಾಲಕರಾಗಿ ದುಡಿದು ನಿವೃತ್ತರಾದವರು ಅವರು. ದನಿ ಏರಿಸಿ ಮಾತಾಡಿದ್ದನ್ನು ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಅಕ್ಕ ಎದುರು ನೆಲದ ಮೇಲೆ ಕುಳಿತರು.

“ಅಪ್ಪಾ, ಹಳೆಯ ಓದುಗ ಅಂದ್ರೆ ಯಾರು?”

ಪತ್ರಿಕೆ ಮಡಿಚುವ ಸದ್ದು. ಅಪ್ಪ ಬಹಳ ಹೊತ್ತು ಅದನ್ನು ಅಂಚಿಗೆ ಅಂಚು ಕೂಡಿಸಿ ಮಡಿಚುತ್ತಲೇ ಇದ್ದರು.

“ನಾನೇ ಮಗಳೇ.”

ಅವರು ಅಲ್ಲಗಳೆಯುತ್ತಾರೆ, ಸಿಟ್ಟಾಗುತ್ತಾರೆ, ಟ್ಯಾಬ್ಲೆಟ್ಟು ಯಾರೋ ತೆಗೆದುಕೊಂಡಿದ್ದರು ಎನ್ನುತ್ತಾರೆ ಎಂದು ಅಕ್ಕ ಏನೇನೋ ಎಣಿಸಿಕೊಂಡು ಬಂದಿದ್ದರು.

“ಯಾಕಪ್ಪಾ? ಆ ಹೆಂಗಸು ಕದ್ದಿದ್ದನ್ನ ನೀವು ಕಂಡ್ರಾ?”

“ಇಲ್ಲ. ಆಕೆ ಕದಿಯೋಳಲ್ಲ.” ಅಪ್ಪ ತಲೆಯೆತ್ತಲಿಲ್ಲ. “ಇಪ್ಪತ್ತೆರಡು ವರ್ಷ ಕೂತು ಬರೆದ ಕಾರ್ಡುಗಳು. ಒಂದೊಂದು ಪುಸ್ತಕಕ್ಕೂ ಒಂದೊಂದು ಕಾರ್ಡು, ನನ್ನ ಕೈಬರಹದಲ್ಲಿ. ಮೂರು ಬೀರು ತುಂಬ. ಕಂಪ್ಯೂಟರ್ ಬಂತು ಅಂತ ಆಕೆ ಎಲ್ಲ ಗುಜರಿಗೆ ಹಾಕಿದ್ಲು. ನಾನು ಆವತ್ತು ಪುಸ್ತಕ ವಾಪಸ್ ಕೊಡೋಕೆ ಹೋಗಿದ್ದೆ. ಲಾರಿಗೆ ತುಂಬ್ತಿದ್ರು. ನನ್ನ ಕಂಡು ನಮಸ್ಕಾರ ಸರ್ ಅಂದ್ಲು. ಅಷ್ಟೇ. ಅವಳಿಗೆ ಕೆಲಸ ಕಲಿಸಿದ್ದು ನಾನು.”

“ಅದನ್ನೇ ಬರೀಬಹುದಿತ್ತಲ್ಲಪ್ಪ! ನನ್ನ ಕಾರ್ಡು ಎಸೆದ್ರು ಅಂತ ನಿಮ್ಮ ಹೆಸರು ಹಾಕಿ!”

“ಕಾರ್ಡು ಎಸೆದ್ರು ಅಂದ್ರೆ ಯಾರು ಕೇಳ್ತಾರೆ? ಪುಸ್ತಕ ಕದ್ರು ಅಂದ್ರೆ ಕೇಳ್ತಾರೆ.” ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿದವರಂತೆ ಅಪ್ಪ ಮಗಳ ಮುಖ ನೋಡಿದರು. “ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಮನೇಲಿ ಕೂತು ಬರೆದ್ರೆ ಮನೇಲೇ ಇರತ್ತೆ ಅನ್ನಿಸಿತ್ತು.”

ವಿಳಾಸದಕ್ಕನ ತಂದೆಯ ಬಾಯಿಂದ ಆ ಮಾತು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಮೊದಲು ಮೇಲೆ ಹೋಗಿ ಬಾಡಿಗೆಯವರಿಗೆ ವಿಷಯ ಹೇಳಿದರು. ಗಂಡನೂ ಹಿಂದೆಯೇ ಬಂದು, ಮೆಟ್ಟಿಲ ಮೇಲೆ ನಿಂತು, “ತಪ್ಪಾಯ್ತು, ನನ್ನದು ಬರೀ ಬಾಯಿ” ಎಂದರು. ಆ ಮನುಷ್ಯನಿಗೆ ಪೆಟ್ಟಿಗೆಯಿಂದ ಬಟ್ಟೆ ಹೊರತೆಗೆಯಲು ಮೂರು ದಿನ ಹಿಡಿಯಿತು, ಆದರೂ ತೆಗೆದರು. ಇಂದಿಗೂ ಅದೇ ಮಹಡಿಯಲ್ಲಿದ್ದಾರೆ.

ಸೋಮವಾರ ಅಪ್ಪ ತಾವಾಗಿಯೇ ತನಿಖಾಧಿಕಾರಿಗಳ ಮುಂದೆ ಹೋಗಿ ಹೇಳಿಕೆ ಕೊಟ್ಟರು. ಕೈ ಹಿಡಿದುಕೊಂಡು ಹೋದವರು ಮಗಳು. ಅಲ್ಲಿನ ಅಧಿಕಾರಿ ಓದಿ ಮುಗಿಸಿ, ಮುದುಕರನ್ನೂ ಮಗಳನ್ನೂ ಒಮ್ಮೆ ನೋಡಿ, “ಇಂಥದ್ದು ನಾನು ನೋಡೇ ಇಲ್ಲ” ಎಂದರಂತೆ. ಆಮೇಲೆ ಗ್ರಂಥಪಾಲಕಿಯ ಮನೆ. ಬಾಗಿಲು ತೆರೆದ ಆಕೆ ಎದುರಿಗೆ ನಿಂತವರನ್ನು ಕಂಡು, ಗುರುತಿಸಿ, ಸಂತೋಷದಿಂದ “ಸರ್! ಬನ್ನಿ ಬನ್ನಿ” ಎಂದರು. ವಿಷಯ ಆಕೆಗೆ ಇನ್ನೂ ತಲುಪಿರಲಿಲ್ಲ. ಆ ‘ಬನ್ನಿ ಬನ್ನಿ’ಯಷ್ಟು ಕಷ್ಟದ ಮಾತನ್ನು ತಮ್ಮ ಜನ್ಮದಲ್ಲಿ ಕೇಳಿಲ್ಲವೆಂದು ಅಕ್ಕ ಈಗಲೂ ಹೇಳುತ್ತಾರೆ.

ಅಪ್ಪ ಒಳಗೆ ಕೂರಲಿಲ್ಲ. ಹೊಸ್ತಿಲಲ್ಲೇ ನಿಂತು ಹೇಳಿದರು. ಕೇಳುತ್ತ ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ನೀವಾ ಸರ್?” ಎಂದರು. ಇನ್ನೊಮ್ಮೆ, “ನೀವಾ?”

“ಕಾರ್ಡುಗಳನ್ನ ಎಸೆದಿದ್ದು ನಿಜ” ಎಂದರು ಆಮೇಲೆ. “ನಿಮಗೆ ಒಂದು ಮಾತು ಹೇಳಿ, ಬೇಕಾದ್ದು ಕೊಟ್ಟು, ಆಮೇಲೆ ಎಸೀಬೇಕಿತ್ತು. ಅದು ನನ್ನ ತಪ್ಪು. ಆದ್ರೆ ‘ಅಮ್ಮಾ, ನೀನು ಕದ್ದಿಲ್ಲ ಅಲ್ವಾ’ ಅಂತ ನನ್ನ ಮಗಳು ಕೇಳಿದ್ಲು ಸರ್. ಹನ್ನೆರಡು ವರ್ಷದ ಮಗು. ಅದಕ್ಕೆ ನಾನೇನು ಉತ್ತರ ಕೊಡಲಿ?”

ಆ ದಿನ ಆಕೆ ಕ್ಷಮಿಸಲಿಲ್ಲ. ಕ್ಷಮಿಸಿ ಎಂದು ಅಕ್ಕನೂ ಕೇಳಲಿಲ್ಲ. ಅಪ್ಪ ಅದೇ ಓದುಗರ ಪುಟದಲ್ಲಿ ತಮ್ಮ ಪೂರ್ಣ ಹೆಸರು, ಹಿಂದಿನ ಹುದ್ದೆ, ಮನೆಯ ಬೀದಿ ಎಲ್ಲ ಬರೆದು, ತಾವು ಬರೆದದ್ದೆಲ್ಲ ಸುಳ್ಳೆಂದು ಒಪ್ಪಿಕೊಂಡು ಸಹಿ ಹಾಕಿದರು. ಪತ್ರಿಕೆಯಲ್ಲೂ ಅದು ಬಂತು. ಗ್ರಂಥಪಾಲಕಿ ಕೆಲಸಕ್ಕೆ ಮರಳಿದರು. ಎರಡು ತಿಂಗಳ ನಂತರ ದೂರನ್ನು ತಾವಾಗಿ ಹಿಂತೆಗೆದುಕೊಂಡರು, ಯಾರಿಗೂ ಕಾರಣ ಹೇಳಲಿಲ್ಲ.

ಇತ್ತ ಕಚೇರಿಯಲ್ಲಿ ನಾವೆಲ್ಲ ದಂಗಾಗಿದ್ದೆವು. ಕೆಲವರು ಅಕ್ಕನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹೆತ್ತ ತಂದೆಯನ್ನೇ ಒಪ್ಪಿಸಿದವಳು ಎಂದು ಹಿಂದಿನಿಂದ ಪಿಸುಗುಟ್ಟಿದವರೂ ಉಂಟು, ಅವರಲ್ಲಿ ಇಬ್ಬರು ಈ ಗ್ರಂಥಕ್ಕೆ ಲೇಖನ ಕೊಟ್ಟಿದ್ದಾರೆ. ಬಡ್ತಿಯ ಕಡತ ಎರಡು ವರ್ಷ ಅಲ್ಲಾಡಲಿಲ್ಲ. ಅಕ್ಕ ಆ ಎರಡು ವರ್ಷವೂ ಬೆಳಗ್ಗೆ ಒಂಬತ್ತಕ್ಕೆ ಬಂದು ಅಂಕೆಗಳನ್ನು ಬಾಯಿಬಿಟ್ಟು ಓದುತ್ತ ಟೈಪ್ ಮಾಡಿದರು. ಆ ಶುಕ್ರವಾರ ಅವರು ಹೇಳಿ ಸೇರಿಸಿದ ಸಾಲು ಮಾತ್ರ ಪ್ರತಿ ಉತ್ತರಪತ್ರದ ಕೆಳಗೂ ಬರತೊಡಗಿತು; ಮೊದಲು ಅವರ ಹಟದಿಂದ, ಆಮೇಲೆ ನಿರ್ದೇಶಕರ ಆದೇಶದಿಂದ. ಆ ಸಾಲಿನ ಬಲದಿಂದ ಎಷ್ಟು ಮನೆಗಳಲ್ಲಿ ಎಷ್ಟು ನಿರಪರಾಧಿಗಳು ಪೆಟ್ಟಿಗೆ ಕಟ್ಟುವುದು ತಪ್ಪಿತೋ ಹೇಳಬಲ್ಲವರಿಲ್ಲ.

ಅಪ್ಪ ಮತ್ತೆ ಐದು ವರ್ಷ ಮಗಳ ಮನೆಯಲ್ಲೇ ಇದ್ದರು. ಮೊದಲ ಕೆಲವು ತಿಂಗಳು ಇಬ್ಬರ ನಡುವೆ ಮಾತ್ರೆ, ಊಟ, ಬಿಸಿನೀರು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಟ್ಯಾಬ್ಲೆಟ್ಟನ್ನು ತಂದು ಮಗಳ ಮುಂದಿಟ್ಟು, “ಇದನ್ನ ತಗೊಂಡ್ಬಿಡು” ಎಂದರು. ಅಕ್ಕ ಹಿಂದಿರುಗಿಸಿದರು. “ಇಟ್ಕೊಳ್ಳಿ ಅಪ್ಪ. ಬರೀರಿ. ಹೆಸರು ಹಾಕಿ ಬರೀರಿ.” ಅಪ್ಪ ಬರೆದರು. ಕಾರ್ಡುಗಳ ಆ ಮೂರು ಬೀರುಗಳಲ್ಲಿ ಏನೇನಿತ್ತು, ಯಾವ ಪುಸ್ತಕದ ಕಾರ್ಡಿನ ಹಿಂದೆ ಯಾವ ಓದುಗರ ಬಗ್ಗೆ ಏನು ಗುರುತು ಹಾಕಿಕೊಂಡಿದ್ದರು ಎಂದು ನೆನಪಿನಿಂದ ಇನ್ನೂರು ಪುಟ. ಅದನ್ನು ಓದಿ, ತಿದ್ದಿ, ಗ್ರಂಥಾಲಯದ ಇತಿಹಾಸವೆಂದು ಅಚ್ಚು ಹಾಕಿಸಿದವರು ಅದೇ ಗ್ರಂಥಪಾಲಕಿ. ಅಪ್ಪ ತೀರಿಕೊಂಡಾಗ ಆಕೆ ಬಂದು, ತಲೆಯ ಬಳಿ ನಿಂತು, ಬಹಳ ಹೊತ್ತು ಇದ್ದು ಹೋದರು.

ಈ ಲೇಖನ ಬರೆಯುವ ಮೊದಲು ಅಕ್ಕನನ್ನು ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. ಎರಡು ವಾರ ಕಾದಿದ್ದರೆ ಎಲ್ಲ ಅಳಿಸಿಹೋಗುತ್ತಿತ್ತು. ಅಪ್ಪನಿಗೂ ಅವಮಾನವಿಲ್ಲ, ನಿಮಗೂ ತೊಂದರೆಯಿಲ್ಲ. ಒಮ್ಮೆಯೂ ಹಾಗೆ ಅನ್ನಿಸಲಿಲ್ಲವೇ?

“ಅನ್ನಿಸ್ತು” ಎಂದರು ಅಕ್ಕ. “ಮೇಲಧಿಕಾರಿಗಳ ಕೋಣೆಗೆ ಹೋಗೋ ಆ ಇಪ್ಪತ್ತು ಹೆಜ್ಜೆ ಪೂರ್ತಿ ಅನ್ನಿಸ್ತು. ಅದಕ್ಕೇ ನಿನ್ನನ್ನ ಜೊತೇಲಿ ಕರ್ಕೊಂಡು ಹೋಗಿದ್ದು. ಒಬ್ಬಳೇ ಹೋಗಿದ್ರೆ ಮಾತು ಬದಲಾಗ್ತಿತ್ತೋ ಏನೋ.”

ಒಂಬತ್ತು ವರ್ಷ ಪಕ್ಕದ ಮೇಜಿನ ಆ ಕಿರಿಯಳಿಗೆ ಇದು ಗೊತ್ತಿರಲಿಲ್ಲ. ಉತ್ತರ ಬರೆಯಲಷ್ಟೇ ಕರೆದಿದ್ದರೆಂದು ಆಕೆ ತಿಳಿದಿದ್ದಳು. ಬೆರಗು ಇನ್ನೂ ಇಳಿದಿಲ್ಲ.

ಬರುವ ತಿಂಗಳಿನಿಂದ ಅಕ್ಕ ಪ್ರತಿ ಶನಿವಾರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ವಯಸ್ಸಾದವರಿಗೆ ಮನೆಯ ಅಂತರ್ಜಾಲದ ಪಾಠ ಹೇಳಲಿದ್ದಾರೆ. ಫೋನು ಮಾಡಿ ಕರೆದವರು ಗ್ರಂಥಪಾಲಕಿಯೇ. ಅಕ್ಕನ ಕಣ್ಣು ಹೀಗೇ ಚುರುಕಾಗಿರಲಿ, ಮೊಣಕಾಲು ಆ ಮೆಟ್ಟಿಲುಗಳಿಗೆ ಹೆದರದಿರಲಿ, ತಪ್ಪಾದಲ್ಲಿ ತಡೆದು ನಿಲ್ಲಿಸುವ ಅವರ ದನಿ ಇನ್ನೂ ಬಹಳ ವರ್ಷ ನಮ್ಮ ಕಿವಿಗೆ ಬೀಳುತ್ತಿರಲಿ. ಈ ಕೆಲಸಕ್ಕೆ ನಿವೃತ್ತಿಯ ವಯಸ್ಸನ್ನು ಯಾರೂ ಗೊತ್ತುಮಾಡದಿರಲಿ.